ಬಂಗಾರದ ಕುರ್ಚಿಯ ಅಡಿ ನೋಡಿದ್ದೀರಾ?

ಮೈಯೆಲ್ಲ ಬಂಗಾರ, ಒಳಗೆಲ್ಲ ಬರೀ ಮರ. ನಾಲ್ಕು ಕಾಲಿದ್ದರೂ ನಡೆಯದು, ಎರಡು ಕೈಯಿದ್ದರೂ ಹಿಡಿಯದು. ಏನದು?

ಮಕ್ಕಳೇ, ಒಗಟು ಬಿಡಿಸಿದಿರಾ? ಆಗದಿದ್ದರೆ ಪಕ್ಕದಲ್ಲೇ ಕನ್ನಡಕ ಹಾಕಿಕೊಂಡು ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಉತ್ತರ: ಚಿನ್ನದ ರೇಕು ಹೊದಿಸಿದ ಕೈಕುರ್ಚಿ. ಸುಮಾರು 240 ವರ್ಷಗಳ ಹಿಂದೆ ಫ್ರಾನ್ಸಿನ ರಾಜಧಾನಿ ಪ್ಯಾರಿಸ್ಸಿನಲ್ಲಿ ಇಂಥ ಕುರ್ಚಿಗಳನ್ನು ಮಾಡುತ್ತಿದ್ದರು. ಕೈಯ ಕೆಳಗಿನ ಭಾಗ ತೆರೆದಿದ್ದರೆ ಅದಕ್ಕೆ ‘ಫೋತೆಯ್’ ಎಂದು ಹೆಸರು. ಆ ಭಾಗವನ್ನೂ ಮೆತ್ತೆಯಿಂದ ಮುಚ್ಚಿದ್ದರೆ ‘ಬೆರ್ಜೆರ್’. ಇವುಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಹಗ್ಗದಾಚೆ ನಿಂತು ಹೊಳೆಯುತ್ತಿವೆ.

ನಾನು ಶಾಲೆಯಲ್ಲಿ ಬಹಳ ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಕುರ್ಚಿಯ ಚಿತ್ರ ಬರೆಯುವುದು ಸುಲಭವೆಂದು ಮಕ್ಕಳು ತಿಳಿಯುತ್ತಾರೆ. ಬರೆಯಲು ಕೂತಾಗ ಅದರ ಕಷ್ಟ ಗೊತ್ತಾಗುತ್ತದೆ. ಕುರ್ಚಿಯನ್ನು ಮಾಡುವುದಂತೂ ಇನ್ನೂ ಕಷ್ಟ. ನಾಲ್ಕು ಕಾಲೂ ನೆಲ ಮುಟ್ಟಬೇಕು, ದಪ್ಪಗಿನವರು ಕೂತರೂ ಮುರಿಯಬಾರದು, ಬೆನ್ನಿಗೆ ಹಿತವಾಗಿರಬೇಕು, ಕಣ್ಣಿಗೂ ಚೆಂದ ಕಾಣಬೇಕು. ಇಷ್ಟನ್ನೂ ಒಟ್ಟಿಗೆ ಸಾಧಿಸಿದವರ ಕತೆ ಇದು.

ಬೂದಿಯೊಳಗಿಂದ ಬಂದ ಹೊಸ ಶೈಲಿ

ರಾಜ ಹದಿನೈದನೆಯ ಲೂಯಿಯ ಕಾಲದ ಫ್ರೆಂಚ್ ಕುರ್ಚಿಗಳಲ್ಲಿ ನೇರ ಗೆರೆಯೇ ಅಪರೂಪ. ಕಾಲು ಬಳುಕುತ್ತಿತ್ತು, ಬೆನ್ನು ಬಾಗುತ್ತಿತ್ತು, ಮೈಮೇಲೆಲ್ಲ ಚಿಪ್ಪು, ಬಳ್ಳಿ, ಸುರುಳಿ. ಸುಮಾರು 1760ರ ನಂತರ ಈ ರುಚಿ ನಿಧಾನವಾಗಿ ಬದಲಾಯಿತು. ಕಾರಣಗಳಲ್ಲಿ ಒಂದು ಫ್ರಾನ್ಸಿನಲ್ಲಿರಲಿಲ್ಲ, ಇಟಲಿಯ ನೆಲದಡಿಯಲ್ಲಿತ್ತು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಹರ್ಕ್ಯುಲೇನಿಯಮ್ ಮತ್ತು ಪಾಂಪೇ ಎಂಬ ರೋಮನ್ ಪಟ್ಟಣಗಳನ್ನು ಮುಚ್ಚಿಹಾಕಿತ್ತು. 1738ರಲ್ಲಿ ಹರ್ಕ್ಯುಲೇನಿಯಮ್‌ನಲ್ಲಿ, 1748ರಲ್ಲಿ ಪಾಂಪೇಯಲ್ಲಿ ಉತ್ಖನನ ಶುರುವಾಯಿತು. ಗೋಡೆಚಿತ್ರ, ದೀಪ, ಪಾತ್ರೆ, ಪೀಠೋಪಕರಣ ಒಂದೊಂದಾಗಿ ಹೊರಬಂದವು. ಅವುಗಳ ಚಿತ್ರಗಳಿದ್ದ ಪುಸ್ತಕಗಳು ಯುರೋಪೆಲ್ಲ ಹರಡಿದವು. ಹಳೆಯ ಗ್ರೀಕರ, ರೋಮನ್ನರ ಅಚ್ಚುಕಟ್ಟುತನವೇ ಚೆಂದ ಎನ್ನುವ ಭಾವನೆ ಬೆಳೆಯಿತು. 1774ರಲ್ಲಿ ಹದಿನಾರನೆಯ ಲೂಯಿ ಪಟ್ಟಕ್ಕೆ ಬರುವ ಹೊತ್ತಿಗೆ ಕುರ್ಚಿಯ ಬಳುಕು ಹೋಗಿ ಕಾಲು ನೆಟ್ಟಗಾಗಿತ್ತು.

ಈ ಕುರ್ಚಿಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಕಾಲು ನೋಡಿ. ದೇವಾಲಯದ ಕಂಬದಂತೆ ನೇರ. ಮೇಲೆ ದಪ್ಪ, ಕೆಳಗೆ ಬರುತ್ತ ಸಪೂರ. ಉದ್ದಕ್ಕೂ ಕೊರೆದ ಗೀರುಗಳು. ಕಾಲು ಮತ್ತು ಆಸನದ ಚೌಕಟ್ಟು ಸೇರುವಲ್ಲಿ ಒಂದು ಚೌಕ, ಅದರೊಳಗೊಂದು ಕೆತ್ತಿದ ಹೂವು. ಬೆನ್ನು ಮೊಟ್ಟೆಯಾಕಾರ ಅಥವಾ ಆಯತ. ಅಂಚಿನಲ್ಲಿ ಮುತ್ತಿನ ಸಾಲು, ಎಲೆಗಳ ಸಾಲು, ಕೆಲವೊಮ್ಮೆ ತುದಿಯಲ್ಲಿ ಗಂಟು ಹಾಕಿದ ರಿಬ್ಬನ್ನು. ಅದನ್ನೂ ಮರದಲ್ಲೇ ಕೆತ್ತಿರುತ್ತಾರೆ!

ಕೂರುವುದಕ್ಕೂ ಹಕ್ಕು ಬೇಕಿತ್ತು

ಇಂದು ನಾವು ಯಾರ ಮನೆಗೆ ಹೋದರೂ “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಾರೆ. ವರ್ಸೇಲ್ಸ್ ಅರಮನೆಯಲ್ಲಿ ಹಾಗಿರಲಿಲ್ಲ. ರಾಜ ರಾಣಿಯರ ಎದುರು ಕೈಕುರ್ಚಿಯಲ್ಲಿ ಕೂರುವ ಗೌರವ ಬಹಳ ಅಪರೂಪ. ಡ್ಯೂಕರ ಪತ್ನಿಯರಿಗೆ ಬೆನ್ನೂ ಇಲ್ಲದ ಕೈಯೂ ಇಲ್ಲದ ಸ್ಟೂಲು ಸಿಗುತ್ತಿತ್ತು, ಅದೇ ದೊಡ್ಡ ಮರ್ಯಾದೆ. ಉಳಿದವರು ನಿಂತಿರಬೇಕು.

ಕೆಲವು ಕುರ್ಚಿಗಳು ಜನ ಕೂರುವುದಕ್ಕಿಂತ ಗೋಡೆಯ ಅಂದಕ್ಕಾಗಿಯೇ ಇದ್ದವು. ಚಪ್ಪಟೆ ಬೆನ್ನಿನ ಅವನ್ನು ಗೋಡೆಗೆ ಒತ್ತಿ ಸಾಲಾಗಿ ಇಡುತ್ತಿದ್ದರು. ಮಾತುಕತೆಗೆ ಅತ್ತಿತ್ತ ಎಳೆದುಕೊಳ್ಳುವ ಕುರ್ಚಿಗಳು ಬೇರೆ. ಅವು ಹಗುರ, ಬೆನ್ನು ಒಳಬಾಗಿದ್ದು ಕೂರಲು ಹಿತ.

ಒಂದು ಕುರ್ಚಿ, ನಾಲ್ಕು ಜೊತೆ ಕೈ

ಮಗನ ಮನೆಗೆಂದು ಪ್ಯಾರಿಸ್ಸಿಗೆ ಹೋಗಿದ್ದಾಗ ಮೊಮ್ಮಗನೊಂದಿಗೆ ವರ್ಸೇಲ್ಸ್ ನೋಡಿದೆ. ಅವನು ಹಗ್ಗದ ಈಚೆ ನಿಂತು ಕೇಳಿದ: “ತಾತ, ಇದು ಪೂರ್ತಿ ಚಿನ್ನಾನಾ?”

“ಅಲ್ಲಪ್ಪ, ಮರ.”

“ಹಾಗಾದ್ರೆ ಮರಗೆಲಸದವರು ಮಾಡಿದ್ದಾ?”

“ಅವರೊಬ್ಬರೇ ಅಲ್ಲ” ಎಂದು ಬೆರಳು ಮಡಿಸುತ್ತ ಹೇಳತೊಡಗಿದೆ.

ಮೊದಲನೆಯವನು ಬಡಗಿ. ಪ್ಯಾರಿಸ್ಸಿನ ಕ್ಲೆರಿ ಬೀದಿಯ ಸುತ್ತಮುತ್ತ ಇಂಥ ಕುರ್ಚಿ ಬಡಗಿಗಳ ಅಂಗಡಿಗಳು ಒತ್ತೊತ್ತಾಗಿದ್ದವು. ಅವರು ಹೆಚ್ಚಾಗಿ ಬಳಸುತ್ತಿದ್ದದ್ದು ಬೀಚ್ ಮತ್ತು ವಾಲ್‌ನಟ್ ಮರ. ಬೀಚ್ ದುಬಾರಿ ಮರವಲ್ಲ. ಗಟ್ಟಿ, ನುಣುಪು, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಮೇಲೆ ಚಿನ್ನ ಬರುವುದರಿಂದ ಮರದ ಬಣ್ಣ ಯಾರಿಗೂ ಕಾಣುವುದಿಲ್ಲ. ಕೀಲುಗಳಿಗೆ ಮೊಳೆಯಾಗಲಿ ಸ್ಕ್ರೂ ಆಗಲಿ ಇಲ್ಲ. ಒಂದು ತುಂಡಿಗೆ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಸವರಿ, ಒಳಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುತ್ತಿದ್ದರು.

ಎರಡನೆಯವನು ಕೆತ್ತನೆಗಾರ. ಮುತ್ತು, ಎಲೆ, ಹೂ, ರಿಬ್ಬನ್ನು ಎಲ್ಲ ಅವನ ಉಳಿಯದು. ಮೂರನೆಯವನು ಚಿನ್ನದ ರೇಕು ಕೂರಿಸುವವನು. ನಾಲ್ಕನೆಯವನು ಮೆತ್ತೆ ಹೊಲಿಯುವವನು. ಆ ಕಾಲದ ಕುರ್ಚಿಯಲ್ಲಿ ಸ್ಪ್ರಿಂಗ್ ಇರಲಿಲ್ಲ. ಬಟ್ಟೆಯ ಪಟ್ಟಿಗಳನ್ನು ಚಾಪೆಯಂತೆ ಹೆಣೆದು ಬಿಗಿದು, ಮೇಲೆ ಕುದುರೆಕೂದಲು ತುಂಬಿ, ಹೊಲಿದು ಆಕಾರ ಕೊಟ್ಟು, ಕೊನೆಗೆ ರೇಷ್ಮೆ ಹೊದಿಸುತ್ತಿದ್ದರು. ಸಿರಿವಂತರ ಮನೆಯಲ್ಲಿ ಬೇಸಿಗೆಗೆ ತೆಳು ರೇಷ್ಮೆ, ಚಳಿಗಾಲಕ್ಕೆ ಮಕಮಲ್ಲು ಎಂದು ಹೊದಿಕೆ ಬದಲಾಗುತ್ತಿತ್ತು. ಅದಕ್ಕಾಗಿ ಮೆತ್ತೆಯನ್ನು ಕಳಚಿ ಹಾಕುವ ಚೌಕಟ್ಟಿನಲ್ಲಿ ಕೂರಿಸುವುದೂ ಇತ್ತು.

ಒಬ್ಬರ ಕೆಲಸ ಇನ್ನೊಬ್ಬರು ಮಾಡುವಂತಿರಲಿಲ್ಲ. ಒಂದೊಂದು ಕಸುಬಿಗೂ ಒಂದೊಂದು ಸಂಘ, ಅದರದೇ ಕಟ್ಟಳೆ. ಹೀಗಾಗಿ ಒಂದು ಕುರ್ಚಿ ಮುಗಿಯುವ ಮುನ್ನ ಅಂಗಡಿಯಿಂದ ಅಂಗಡಿಗೆ ಸುತ್ತುತ್ತಿತ್ತು.

ಉಸಿರಿಗೂ ಹಾರುವ ಚಿನ್ನ

ಇವರಲ್ಲಿ ನನಗೆ ಅತಿ ಬೆರಗು ಹುಟ್ಟಿಸಿದವನು ಮೂರನೆಯವನು. ಚಿನ್ನದ ರೇಕನ್ನು ಮರದ ಮೇಲೆ ನೇರವಾಗಿ ಅಂಟಿಸಿದರೆ ಅದು ಕನ್ನಡಿಯಂತೆ ಹೊಳೆಯುವುದಿಲ್ಲ. ಅದಕ್ಕೆ ತಳಪಾಯ ಬೇಕು.

ಮೊದಲು ಮೊಲದ ಚರ್ಮ ಬೇಯಿಸಿ ತೆಗೆದ ಅಂಟನ್ನು ಮರಕ್ಕೆ ಬಿಸಿಬಿಸಿಯಾಗಿ ಕುಡಿಸುತ್ತಾರೆ. ಆಮೇಲೆ ಅದೇ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಪದರದ ಮೇಲೆ ಪದರ ಬಳಿಯುತ್ತಾರೆ. ಒಂದಲ್ಲ ಎರಡಲ್ಲ, ಎಂಟು ಹತ್ತು ಪದರ. ಅಷ್ಟಾಗುವಾಗ ಏನಾಗುತ್ತದೆ ಗೊತ್ತೇ? ಕೆತ್ತನೆಗಾರ ಕಷ್ಟಪಟ್ಟು ತೆಗೆದ ಎಲೆಯ ನರ, ಹೂವಿನ ಎಸಳು ಎಲ್ಲ ಅರ್ಧ ಮುಚ್ಚಿಹೋಗುತ್ತದೆ. ಆದ್ದರಿಂದ ಸಣ್ಣ ಸಣ್ಣ ಕೊಕ್ಕೆಯಂಥ ಕಬ್ಬಿಣದ ಉಪಕರಣಗಳಿಂದ ಆ ಬಿಳಿ ಪದರದಲ್ಲಿ ಎಲ್ಲವನ್ನೂ ಮತ್ತೊಮ್ಮೆ ಕೆತ್ತಬೇಕು. ನಾವು ಮ್ಯೂಸಿಯಂನಲ್ಲಿ ಕಾಣುವ ಚೂಪಾದ ಗೆರೆಗಳಲ್ಲಿ ಹಲವು ಈ ಎರಡನೆಯ ಕೆತ್ತನೆಯವು.

ಬಳಿಕ ನುಣುಪು ಮಾಡಿ, ಹಳದಿ ಬಣ್ಣ ಬಳಿದು, ಮೇಲೆ ನುಣ್ಣನೆಯ ಕೆಮ್ಮಣ್ಣಿನ ಲೇಪ ಕೊಡುತ್ತಾರೆ. ಹಳೆಯ ಕುರ್ಚಿಯ ಅಂಚಿನಲ್ಲಿ ಚಿನ್ನ ಸವೆದಲ್ಲಿ ಕೆಂಪು ಇಣುಕುತ್ತದಲ್ಲ, ಅದು ಈ ಮಣ್ಣು. ಚಿನ್ನಕ್ಕೆ ಆ ಬೆಚ್ಚನೆಯ ಹೊಳಪು ಬರಲು ಅದೂ ಒಂದು ಕಾರಣ.

ಈಗ ಚಿನ್ನದ ಸರದಿ. ಬಡಿದು ಬಡಿದು ತೆಳುವಾಗಿಸಿದ ಇಂದಿನ ಚಿನ್ನದ ರೇಕು ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಪಾಲಿನಷ್ಟು ದಪ್ಪ. ಆ ಕಾಲದ ರೇಕು ತುಸು ದಪ್ಪವಿದ್ದರೂ ಅದನ್ನೂ ಕೈಯಲ್ಲಿ ಹಿಡಿಯುವಂತಿರಲಿಲ್ಲ; ಮುಟ್ಟಿದರೆ ಹರಿಯುತ್ತದೆ, ಉಸಿರು ಬಿಟ್ಟರೆ ಹಾರುತ್ತದೆ. ಚರ್ಮದ ಪುಟ್ಟ ದಿಂಬಿನ ಮೇಲೆ ರೇಕು ಹಾಸಿ, ಚಾಕುವಿನಿಂದ ಕತ್ತರಿಸಿ, ಅಳಿಲಿನ ಕೂದಲಿನ ಚಪ್ಪಟೆ ಕುಂಚದಿಂದ ಎತ್ತುತ್ತಾರೆ. ಎತ್ತುವ ಮುನ್ನ ಕುಂಚವನ್ನು ತಮ್ಮ ಕೆನ್ನೆಗೆ ಸವರಿಕೊಳ್ಳುತ್ತಾರೆ. ಚರ್ಮದ ಎಳ್ಳಷ್ಟು ಜಿಡ್ಡು ತಾಗಿದರೆ ಸಾಕು, ರೇಕು ಕುಂಚಕ್ಕೆ ಹತ್ತುತ್ತದೆ. ಕೆಮ್ಮಣ್ಣಿನ ಮೇಲೆ ನೀರು ಹಚ್ಚಿ ಕುಂಚ ಹತ್ತಿರ ತಂದರೆ ಚಿನ್ನ ಟಕ್ಕನೆ ಅಲ್ಲಿಗೆ ನೆಗೆದು ಕೂರುತ್ತದೆ. ಒಣಗುತ್ತಿರುವಾಗ ಹದ ನೋಡಿ, ಹಕೀಕ್ ಕಲ್ಲಿನಿಂದ ಉಜ್ಜಿದರೆ ಕನ್ನಡಿಯ ಹೊಳಪು. ಉಬ್ಬಿದ ಭಾಗಗಳನ್ನು ಉಜ್ಜಿ, ತಗ್ಗುಗಳನ್ನು ಹಾಗೇ ಮಂಕಾಗಿ ಬಿಡುತ್ತಾರೆ. ಮೇಣದಬತ್ತಿಯ ಬೆಳಕಿನಲ್ಲಿ ಆ ಹೊಳಪು, ಈ ಮಂಕು ಸೇರಿ ಕೆತ್ತನೆಗೆ ಜೀವ ಬರುತ್ತಿತ್ತು.

ಅಜ್ಜ ಅಜ್ಜಿಯರಿಗೆ ಇದು ಪೂರಾ ಹೊಸದೆನಿಸದು. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲೂ ದೇವರ ಕಿರೀಟ, ಒಡವೆ, ಮಂಟಪಗಳನ್ನು ಅಂಟು ಬೆರೆತ ಲೇಪದಿಂದ ತುಸು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಊರು ಬೇರೆ, ಕಸುಬು ಬೇರೆ. ಉಸಿರು ಬಿಗಿಹಿಡಿಯುವ ಕಷ್ಟ ಮಾತ್ರ ಒಂದೇ.

ಹೆಸರು ಎಲ್ಲಿದೆ?

ಇಷ್ಟೆಲ್ಲ ಕೈ ಸೇರಿದ ಕುರ್ಚಿಯ ಮೇಲೆ ಹೆಸರು ಇರುವುದು ಸಾಮಾನ್ಯವಾಗಿ ಒಬ್ಬನದೇ, ಬಡಗಿಯದು. ಅದೂ ಕಣ್ಣಿಗೆ ಕಾಣದ ಕಡೆ. 1743ರಲ್ಲಿ ರೂಪಿಸಿ 1751ರಲ್ಲಿ ಜಾರಿಗೆ ಬಂದ ಸಂಘದ ಕಟ್ಟಳೆಯಂತೆ ಪ್ಯಾರಿಸ್ಸಿನ ಪ್ರತಿ ಉಸ್ತಾದ ಬಡಗಿಯೂ ತನ್ನ ಹೆಸರಿನ ಕಬ್ಬಿಣದ ಅಚ್ಚನ್ನು ಮರಕ್ಕೆ ಒತ್ತಬೇಕಿತ್ತು. ಒತ್ತುತ್ತಿದ್ದದ್ದು ಆಸನದ ಚೌಕಟ್ಟಿನ ಅಡಿಯಲ್ಲಿ. ಅಲ್ಲಿ ಚಿನ್ನವಿಲ್ಲ, ಮೆರುಗಿಲ್ಲ, ಬರೀ ಮರ. ಅರಮನೆಯ ಸ್ವತ್ತಾದರೆ ಅರಮನೆಯ ಗುರುತೂ ಕೆಳಗೇ. ಕಿರೀಟದ ಕೆಳಗೆ ಎರಡು ‘ವಿ’ ಹೆಣೆದಂತಿದ್ದರೆ ಅದು ವರ್ಸೇಲ್ಸಿನ ಗುರುತು. ಅದಕ್ಕೇ ತಜ್ಞರು ಇಂಥ ಕುರ್ಚಿ ಕಂಡರೆ ಕೂರುವುದೂ ಇಲ್ಲ, ನಿಂತು ಹೊಗಳುವುದೂ ಇಲ್ಲ. ತಲೆಕೆಳಗು ಮಾಡಿ ನೋಡುತ್ತಾರೆ!

ಆ ಅಚ್ಚುಗಳಲ್ಲಿ ಬಹಳ ಹೆಸರಾದದ್ದು ಜಾರ್ಜ್ ಜಾಕೊಬ್ ಎಂಬಾತನದು. 1739ರಲ್ಲಿ ಬರ್ಗಂಡಿ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಬಂದು ಕೆಲಸ ಕಲಿತು, 1765ರಲ್ಲಿ ಉಸ್ತಾದನಾದ. 1787ರಲ್ಲಿ ರಾಣಿ ಮೇರಿ ಆಂಟೊನೆಟ್ಟಳಿಗಾಗಿ ಅವನು ಮಾಡಿದ ಕುರ್ಚಿಗಳು ವರ್ಸೇಲ್ಸ್ ಉದ್ಯಾನದ ಪುಟ್ಟ ಅರಮನೆಯಲ್ಲಿವೆ. ಅವಕ್ಕೆ ಚಿನ್ನವಿಲ್ಲ. ಗೋಧಿ ತೆನೆ, ಮಲ್ಲಿಗೆ ಬಳ್ಳಿಗಳನ್ನು ಕೆತ್ತಿ ಹೂಬಣ್ಣ ಬಳಿದಿದ್ದಾರೆ. ಅಚ್ಚು ಜಾಕೊಬನದು. ಆದರೆ ಆ ತೆನೆಗಳನ್ನು ಕೆತ್ತಿದವರು ತ್ರಿಕೆ ಮತ್ತು ರೋಡ್ ಎಂಬ ಇಬ್ಬರು. ಇಂಥ ಕೆಲಸಗಾರರ ಹೆಸರು ಕುರ್ಚಿಯ ಮೇಲಿರುವುದಿಲ್ಲ. ಲೆಕ್ಕದ ಕಾಗದಗಳು ಉಳಿದಲ್ಲಿ ಅವರ ಹೆಸರೂ ಉಳಿಯುತ್ತದೆ, ಕಾಗದ ಹೋದಲ್ಲಿ ಹೆಸರೂ ಹೋಗುತ್ತದೆ.

ಶ್ರೀರಂಗಪಟ್ಟಣದವರು ಬಂದ ವರ್ಷ

1788ನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಫ್ರಾನ್ಸಿಗೆ ಬಂದಿದ್ದರು. ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಸೆಂಟ್ ಕ್ಲೂ ಅರಮನೆಯ ಉದ್ಯಾನದಲ್ಲಿ ಸುತ್ತಾಡಿದ್ದನ್ನು ತೋರಿಸುವ ಆ ಕಾಲದ ಚಿತ್ರವೂ ಇದೆ. ಅದೇ 1788ರಲ್ಲಿ ಅದೇ ಸೆಂಟ್ ಕ್ಲೂ ಅರಮನೆಯಲ್ಲಿ ರಾಣಿ ಸಿಂಗರಿಸಿಕೊಳ್ಳುವ ಕೋಣೆಗಾಗಿ ಝಾಂ ಬಾಪ್ಟಿಸ್ಟ್ ಕ್ಲಾಡ್ ಸೆನೆ ಎಂಬ ಬಡಗಿ ಒಂದು ಜೊತೆ ಪೀಠೋಪಕರಣ ಮಾಡಿಕೊಟ್ಟ. ಬಣ್ಣ, ಚಿನ್ನದ ಕೆಲಸ ಲೂಯಿ ಫ್ರಾಂಸ್ವಾ ಶಟಾರ್ ಎಂಬಾತನದು.

ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ. 1793ರ ಜನವರಿಯಲ್ಲಿ ರಾಜನ ತಲೆ ಹೋಯಿತು, ಅಕ್ಟೋಬರಿನಲ್ಲಿ ರಾಣಿಯದು. ಆ ಆಗಸ್ಟ್‌ನಿಂದ ಒಂದು ವರ್ಷ ಕಾಲ ವರ್ಸೇಲ್ಸಿನ ಸಾಮಾನುಗಳ ಹರಾಜು ನಡೆಯಿತು. 17,000ಕ್ಕೂ ಹೆಚ್ಚು ಬಾಬ್ತುಗಳು ಬಿಕರಿಯಾಗಿ ದಿಕ್ಕುದಿಕ್ಕಿಗೆ ಚದುರಿದವು. ಸೆಂಟ್ ಕ್ಲೂ ಅರಮನೆಯಂತೂ 1870ರ ಯುದ್ಧದಲ್ಲಿ ಸುಟ್ಟೇಹೋಯಿತು. ಸೆನೆ ಮಾಡಿದ ಆ ಬೆರ್ಜೆರ್ ಕುರ್ಚಿ ಮಾತ್ರ ಇಂದು ಅಮೆರಿಕದ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕೂತವರಿಲ್ಲ, ಕೋಣೆಯಿಲ್ಲ, ಅರಮನೆಯಿಲ್ಲ. ಗೂಟ ಹೊಡೆದ ಕೀಲು ಬಿಟ್ಟಿಲ್ಲ.

ಅರಮನೆಗೆ ಕೆಲಸ ಮಾಡಿದ ಜಾಕೊಬನಿಗೂ ಕ್ರಾಂತಿಯ ದಿನಗಳಲ್ಲಿ ಗಂಡಾಂತರವಿತ್ತು. ಹಿಂದೆ ಪ್ರಸಿದ್ಧ ಚಿತ್ರಕಾರ ಝಾಕ್ ಲೂಯಿ ಡೇವಿಡ್‌ನ ಚಿತ್ರಶಾಲೆಗೆ ಅವನು ರೋಮನ್ನರ ಮಾದರಿಯ ಪೀಠಗಳನ್ನು ಮಾಡಿಕೊಟ್ಟಿದ್ದ. ಕ್ರಾಂತಿಕಾರರಲ್ಲಿ ಮುಂದಾಳಾಗಿದ್ದ ಡೇವಿಡ್ ಅವನಿಗೆ ಆಸರೆಯಾದ. ಮುಂದೆ ಜಾಕೊಬನ ಮಗ ನೆಪೋಲಿಯನ್ನನಿಗೂ ಪೀಠೋಪಕರಣ ಮಾಡಿದ.

ನಾಲಿಗೆ ಹೇಳಿದ ಸತ್ಯ

ಇಂಥ ಕುರ್ಚಿಗಳಿಗೆ ಈಗ ಕೋಟಿಗಟ್ಟಲೆ ಬೆಲೆ. ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಕೆಲವು ವರ್ಷಗಳ ಹಿಂದೆ ಹದಿನೆಂಟನೆಯ ಶತಮಾನದ ಕುರ್ಚಿಗಳ ಹೆಸರಾಂತ ತಜ್ಞನೊಬ್ಬ ಮತ್ತು ಬಹಳ ನುರಿತ ಕುಶಲಕರ್ಮಿಯೊಬ್ಬ ಸೇರಿ ನಕಲಿ ರಾಜಮನೆತನದ ಕುರ್ಚಿಗಳನ್ನು ಮಾಡಿದರು. ಹಳೆಯ ಮರ, ಹಳೆಯ ಕ್ರಮ, ಹಳೆಯ ಬಡಗಿಗಳ ಹೆಸರಿನ ಅಚ್ಚು, ಎಲ್ಲವನ್ನೂ ಹಾಗೇ ತಂದರು. ವರ್ಸೇಲ್ಸ್ ಅರಮನೆಯೇ ಕೆಲವನ್ನು ಕೊಂಡು ಮೋಸಹೋಯಿತು.

ಅನುಮಾನ ಹೇಗೆ ಬಂತು? ಹೊಸ ಕೆಲಸವನ್ನು ಹಳತಾಗಿ ಕಾಣಿಸಲು ಆ ಕುಶಲಕರ್ಮಿ ಕರಗಿಸಿದ ಜ್ಯೇಷ್ಠಮಧು ಬಳಸುತ್ತಾನೆಂದು ಒಬ್ಬ ವ್ಯಾಪಾರಿಗೆ ಗೊತ್ತಿತ್ತು. ಅಜ್ಜಿ ಕೆಮ್ಮಿಗೆ ಕೊಡುತ್ತಾರಲ್ಲ, ಅದೇ ಜ್ಯೇಷ್ಠಮಧು! ತಾನು ಕುರ್ಚಿಯನ್ನು ನಾಲಿಗೆಯಿಂದ ನೆಕ್ಕಿ ನೋಡಿ ಆ ರುಚಿ ಕಂಡೆನೆಂದು ಅವನು ಪತ್ರಿಕೆಗಳಿಗೆ ಹೇಳಿದ. ಇನ್ನೊಂದು ಕಡೆ, ಲೆಕ್ಕಕ್ಕೆ ಸಿಗದ ಹಣದ ಜಾಡು ಹಿಡಿದು ಅಧಿಕಾರಿಗಳೂ ಅಲ್ಲಿಗೇ ಬಂದರು. 2025ರ ಜೂನ್‌ನಲ್ಲಿ ನ್ಯಾಯಾಲಯ ಇಬ್ಬರನ್ನೂ ತಪ್ಪಿತಸ್ಥರೆಂದು ಹೇಳಿ ಶಿಕ್ಷೆ ವಿಧಿಸಿತು.

ಇದನ್ನು ಕೇಳಿ ಮೊಮ್ಮಗ, “ಅಷ್ಟು ಚೆನ್ನಾಗಿ ಮಾಡಿದ್ರೆ ತಪ್ಪೇನು ತಾತ? ಅದೂ ಚೆಂದದ ಕುರ್ಚಿನೇ ಅಲ್ವಾ?” ಎಂದ. ಪ್ರಶ್ನೆ ಸಣ್ಣದಲ್ಲ. ಜಾಕೊಬನಂತೆಯೇ ಕೆಲಸ ಮಾಡುವ ಕೈ ಈ ಕಾಲದಲ್ಲೂ ಇದೆ ಎನ್ನುವುದು ಹೆಮ್ಮೆಯ ಮಾತೇ. ಅಂಥ ಕೈ ತನ್ನ ಹೆಸರನ್ನೇ ಒತ್ತಿ, “ಇದು ಆ ಮಾದರಿಯಲ್ಲಿ ನಾನು ಮಾಡಿದ್ದು” ಎಂದಿದ್ದರೆ ಜನ ಬೆರಗಾಗಿ ನೋಡುತ್ತಿದ್ದರು. ಆದರೆ ಒತ್ತಿದ್ದು ಸತ್ತವನ ಹೆಸರು. ಒಂದು ಕಾಲದಲ್ಲಿ ಬಡಗಿ ಆ ಅಚ್ಚನ್ನು ಒತ್ತುತ್ತಿದ್ದದ್ದು “ಈ ಕೆಲಸಕ್ಕೆ ನಾನು ಹೊಣೆ” ಎಂದು ಹೇಳಲು. ಮೊಮ್ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟು: “ಪಕ್ಕದವನ ಉತ್ತರಪತ್ರಿಕೆಗೆ ನೀನು ಹೆಸರು ಬರೆದರೂ ತಪ್ಪು, ನಿನ್ನದಕ್ಕೆ ಅವನ ಹೆಸರು ಬರೆದರೂ ತಪ್ಪು.”

ನಿಮಗೊಂದು ಕೆಲಸ

ಮಕ್ಕಳೇ, ಈ ಭಾನುವಾರ ಮನೆಯ ಹಳೆಯ ಮರದ ಕುರ್ಚಿಯನ್ನೋ ಮಣೆಯನ್ನೋ ತೊಟ್ಟಿಲನ್ನೋ ನಿಧಾನವಾಗಿ ತಲೆಕೆಳಗು ಮಾಡಿ. ದೊಡ್ಡವರ ಕೈ ಜೊತೆಗಿರಲಿ, ಕಾಲ ಮೇಲೆ ಬೀಳಿಸಿಕೊಳ್ಳಬೇಡಿ. ಕೀಲಿಗೆ ಮರದ ಗೂಟವಿದೆಯೋ ಮೊಳೆಯೋ ನೋಡಿ. ಉಳಿಯ ಗುರುತು ಎಲ್ಲಾದರೂ ಉಳಿದಿದೆಯೇ, ಬೆರಳಾಡಿಸಿ. ಬಳಿಕ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: ಇದು ಯಾವ ಮರ? ಯಾವಾಗ ಮಾಡಿಸಿದ್ದು? ಮಾಡಿದವರ ಹೆಸರೇನು? ಅವರ ಮನೆ ಯಾವ ಬೀದಿಯಲ್ಲಿತ್ತು?

ಹೆಸರು ನೆನಪಿಗೆ ಬಂದರೆ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ಇಸವಿ ಹಾಕಿ, ಅಡಿಯಲ್ಲೇ ಅಂಟಿಸಿಡಿ.